ಟೈಪ್ ಚೆಕ್ಕರ್‌ನಲ್ಲಿ ವೇರಿಯಬಲ್‌ಗಳನ್ನು ಹೆಸರಾಗಿ ಇಡೋದಾ, ನಂಬರ್ ಮಾಡೋದಾ?

ಸದಾಶಿವಗಡದವ (ಕಾರವಾರ)

ಕಾಲೇಜಿನ ಮಕ್ಕಳಿಗೆ ಟೈಪ್ ಥಿಯರಿಯನ್ನು ಬರೀ ಬಾಯಲ್ಲಿ ಹೇಳಿದರೆ ತಲೆಗೆ ಹತ್ತುವುದಿಲ್ಲ. ಅದಕ್ಕೇ ಒಂದು ಸಣ್ಣ ಡಿಪೆಂಡೆಂಟ್ ಟೈಪ್ ಚೆಕ್ಕರ್ (ಟೈಪ್ ಒಳಗೇ ಲೆಕ್ಕ ಬರುವ ಭಾಷೆಯಲ್ಲಿ ಬರೆದದ್ದು ಸರಿ ಇದೆಯಾ ಅಂತ ನೋಡುವ ಪ್ರೋಗ್ರಾಂ) ಬರೆಯುತ್ತಿದ್ದೇನೆ, ಹ್ಯಾಸ್ಕೆಲ್‌ನಲ್ಲಿ. ಲ್ಯಾಂಬ್ಡಾ (ಹೆಸರಿಲ್ಲದ ಫಂಕ್ಷನ್), ಪೈ ಟೈಪ್ (ಆ ಫಂಕ್ಷನ್ನಿನ ಟೈಪ್), ಸಂಖ್ಯೆ, ವೆಕ್ಟರ್ (ಉದ್ದ ಟೈಪಲ್ಲೇ ಇರುವ ಪಟ್ಟಿ), ಒಂದು ಯೂನಿವರ್ಸ್ (ಟೈಪ್‌ಗಳ ಟೈಪ್), ಅಷ್ಟೇ. ವೇರಿಯಬಲ್‌ಗೆ ಕನ್ನಡದಲ್ಲೇ ಹೆಸರು ಕೊಡಬಹುದು, ಮಕ್ಕಳಿಗೆ ಅದೇ ದೊಡ್ಡ ಖುಷಿ.

ಸದ್ಯಕ್ಕೆ ಹೆಸರುಗಳನ್ನು ಸ್ಟ್ರಿಂಗ್ ಆಗಿಯೇ ಇಟ್ಟಿದ್ದೇನೆ. ತೊಂದರೆ ಎಲ್ಲಿ ಅಂದರೆ (ಲ್ಯಾಂಬ್ಡಾ ಅಂತ ಪೂರ್ತಿ ಬರೆಯುವ ಬದಲು ‘ಲ್ಯಾಂ’ ಅಂತ ಬರೆಯುತ್ತೇನೆ):

(ಲ್ಯಾಂ ಕ. ಲ್ಯಾಂ ಚ. ಕ) ಚ

ಇದನ್ನು ಸುಮ್ನೆ ಕ ಇದ್ದಲ್ಲಿ ಚ ಹಾಕಿ ಬಿಡಿಸಿದರೆ ‘ಲ್ಯಾಂ ಚ. ಚ’ ಆಗುತ್ತದೆ. ಹೊರಗಿನ ಚ ಬೇರೆ, ಒಳಗಿನ ಚ ಬೇರೆ. ಆದರೆ ಹೊರಗಿನದು ಒಳಗೆ ಬಂದು ಸಿಕ್ಕಿಹಾಕಿಕೊಂಡಿತು. ಹೀಗಾಗದ ಹಾಗೆ ಹೆಸರು ಬದಲಿಸುವ ಕೋಡ್ ಬರೆದಿದ್ದೇನೆ, ಉತ್ತರ ಸರಿಯಾಗಿಯೇ ಬರುತ್ತದೆ. ಆದರೆ ಎರರ್ ಮೆಸೇಜ್ ತುಂಬ ಚ1, ಚ11, ಚ111 ಅಂತ ಬಾಲ ಬೆಳೆಯುತ್ತದೆ. ಮೇಲಿಂದ ‘(ಕ : ಸಂಖ್ಯೆ) → ವೆಕ್ಟರ್ ಕ’ ಮತ್ತು ‘(ಚ : ಸಂಖ್ಯೆ) → ವೆಕ್ಟರ್ ಚ’ ಎರಡೂ ಒಂದೇ ಟೈಪ್ ಅಂತ ತಿಳಿಯಲು ಬೇರೆಯೇ ಫಂಕ್ಷನ್ ಬೇಕು. ಅದು ನಿಧಾನ.

ಓದಲು ಹೋದರೆ ಒಬ್ಬರು ಡಿ ಬ್ರೂಯಿನ್ ಇಂಡೆಕ್ಸ್ ಅನ್ನುತ್ತಾರೆ, ಇನ್ನೊಬ್ಬರು ಲೆವೆಲ್, ಮತ್ತೊಬ್ಬರು ಲೋಕಲಿ ನೇಮ್‌ಲೆಸ್, ಹೋಯಾಸ್ (ಬೈಂಡಿಂಗ್ ಕೆಲಸವನ್ನು ಹೊರಗಿನ ಭಾಷೆಯ ಫಂಕ್ಷನ್ನಿಗೇ ಬಿಡುವುದು), ನಾಮಿನಲ್ (ಹೆಸರನ್ನೇ ಇಟ್ಟು ಅದಲುಬದಲು ಮಾಡುವುದು). ಭಾಷೆಗಳ ನಿಯಮಗಳನ್ನು ಯಂತ್ರದಲ್ಲಿ ಸಾಬೀತು ಮಾಡಿ ತೋರಿಸಿ ಅಂತ ಕೊಟ್ಟ 2005ರ ಪಾಪ್ಲ್‌ಮಾರ್ಕ್ ಚಾಲೆಂಜ್‌ಗೆ ಬಂದ ಉತ್ತರಗಳಲ್ಲೂ ಒಬ್ಬೊಬ್ಬರದು ಒಂದೊಂದು ದಾರಿ. ಕೆಲಸ ಮಾಡಿದವರು ಹೇಳಿ, ಯಾವುದನ್ನು ಹಿಡಿಯಲಿ?

ಇನ್ನೊಂದು ವಿಚಿತ್ರ ಇದೆ. ‘ಕೋನ’ ಅನ್ನುವ ವೇರಿಯಬಲ್ ಇರುವ ಒಂದು ಫೈಲನ್ನು ಇಬ್ಬರು ಸೇರಿ ಬರೆದರು, ಬೇರೆ ಬೇರೆ ಕಂಪ್ಯೂಟರ್‌ನಲ್ಲಿ. ಕಣ್ಣಿಗೆ ಒಂದೇ ಕಾಣುತ್ತದೆ, ಚೆಕ್ಕರ್ ಮಾತ್ರ ‘ಕೋನ ಸ್ಕೋಪ್‌ನಲ್ಲಿ ಇಲ್ಲ’ ಅನ್ನುತ್ತದೆ. ಇದಕ್ಕೂ ಅದಕ್ಕೂ ಸಂಬಂಧ ಇದೆಯೋ ಗೊತ್ತಿಲ್ಲ.

ಅಡಿಕೆತೋಟ (ಶಿರಸಿ)

ಮೇಷ್ಟ್ರೇ, ‘ಯಾವುದನ್ನು ಹಿಡಿಯಲಿ’ ಅಂತ ಒಂದನ್ನೇ ಆರಿಸಲು ಹೋಗಬೇಡಿ. ಒಂದು ಚೆಕ್ಕರ್ ಒಳಗೆ ಮೂರು ಜಾಗ ಇವೆ, ಮೂರಕ್ಕೂ ಬೇರೆ ಬೇರೆ ರೂಪ ಇರಲಿ. ಬಳಸುವವರು ಬರೆದ ಪಠ್ಯದಲ್ಲಿ ಹೆಸರು. ಪಾರ್ಸ್ ಆದ ಮೇಲೆ ಚೆಕ್ಕರ್ ಇಟ್ಟುಕೊಳ್ಳುವ ಒಳಗಿನ ಕೋರ್ ಟರ್ಮ್‌ನಲ್ಲಿ ಇಂಡೆಕ್ಸ್. ಲೆಕ್ಕ ಮಾಡಿ ಬಂದ ವ್ಯಾಲ್ಯೂನಲ್ಲಿ ಲೆವೆಲ್. ಹೀಗೆ ಮಾಡಿದರೆ ವೇರಿಯಬಲ್ ಇದ್ದಲ್ಲಿ ಟರ್ಮ್ ಹಾಕುವ ಸಬ್‌ಸ್ಟಿಟ್ಯೂಷನ್ ಫಂಕ್ಷನ್ನನ್ನೇ ಬರೆಯಬೇಕಾಗಿಲ್ಲ. ಹೆಸರು ಬದಲಿಸುವ ಕೋಡ್ ಇಡೀ ಕಿತ್ತು ಬಿಸಾಕಬಹುದು.

ಇಂಡೆಕ್ಸ್ ಅಂದರೆ ವೇರಿಯಬಲ್ ಬಳಸಿದ ಜಾಗದಿಂದ ಹೊರಗೆ ಹೋಗುತ್ತಾ ಎಷ್ಟು ಬೈಂಡರ್ (ವೇರಿಯಬಲನ್ನು ಪರಿಚಯಿಸುವ ಲ್ಯಾಂ ಅಥವಾ ಪೈ) ದಾಟಿದರೆ ಅದರ ಸ್ವಂತ ಬೈಂಡರ್ ಸಿಗುತ್ತದೆ ಅನ್ನುವ ಎಣಿಕೆ. ‘ಲ್ಯಾಂ ಕ. ಲ್ಯಾಂ ಚ. ಕ ಚ’ ಅನ್ನುವುದು ‘ಲ್ಯಾಂ ಲ್ಯಾಂ 1 0’. ನಿಮ್ಮ ಎರಡು ಪೈ ಟೈಪ್‌ಗಳೂ ‘ಪೈ ಸಂಖ್ಯೆ (ವೆಕ್ಟರ್ 0)’ ಆಗುತ್ತವೆ, ಹೋಲಿಸಲು ಸಾದಾ ಸಮ ಚಿಹ್ನೆ ಸಾಕು. ಡಿ ಬ್ರೂಯಿನ್ ಇದನ್ನು ಪ್ರಕಟಿಸಿದ್ದು 1972ರಲ್ಲಿ. ಐಂಡ್‌ಹೋವನ್‌ನಲ್ಲಿ 1967ರಿಂದ ಆಟೋಮ್ಯಾತ್ ಕಟ್ಟುತ್ತಿದ್ದ ಮನುಷ್ಯ, ಗಣಿತದ ಪ್ರೂಫನ್ನು ಯಂತ್ರದಿಂದ ಪರೀಕ್ಷಿಸಬೇಕು ಅಂತ. ನಿಮ್ಮದೇ ತೊಂದರೆ ಅವರಿಗೂ ಎದುರಿಗಿತ್ತು.

ಲೆವೆಲ್ ಅಂದರೆ ಹೊರಗಿನ ತುದಿಯಿಂದ ಎಣಿಸುವುದು. ಶಿರಸಿಯಿಂದ ಕುಮಟಾಕ್ಕೆ ದೇವಿಮನೆ ಘಟ್ಟ ಇಳಿಯುತ್ತಾ ಫೋನಿನಲ್ಲಿ ‘ಆ ಚಾ ಅಂಗಡಿ ನಮ್ಮಿಂದ ಎರಡು ಕಿಲೋಮೀಟರ್ ಹಿಂದೆ ಹೋಯ್ತು’ ಅಂದರೆ ಅದು ಇಂಡೆಕ್ಸ್. ‘ಶಿರಸಿಯಿಂದ ಇಷ್ಟನೇ ಕಲ್ಲಿನ ಹತ್ತಿರ’ ಅಂದರೆ ಲೆವೆಲ್. ಗಾಡಿ ಮುಂದೆ ಹೋದ ಹಾಗೆ ಮೊದಲನೆಯದನ್ನು ತಿದ್ದುತ್ತಲೇ ಇರಬೇಕು, ಎರಡನೆಯದು ಇದ್ದ ಹಾಗೇ ಇರುತ್ತದೆ. ಈ ತಿದ್ದುವ ಕೆಲಸಕ್ಕೇ ಶಿಫ್ಟ್ ಅನ್ನುವುದು. ಡಿ ಬ್ರೂಯಿನ್ ಇಂಡೆಕ್ಸ್‌ಗೆ ಕೆಟ್ಟ ಹೆಸರು ಬಂದಿರುವುದೂ ಇದರಿಂದಲೇ. ಆರ್ಗ್ಯುಮೆಂಟನ್ನು ಒಂದು ಬೈಂಡರ್ ಒಳಗೆ ತೆಗೆದುಕೊಂಡು ಹೋಗುವಾಗ ಅದರ (ಹೊರಗಿನ ಬೈಂಡರ್‌ಗೆ ಸೇರಿದ) ಸ್ವತಂತ್ರ ವೇರಿಯಬಲ್‌ಗಳಿಗೆ ಒಂದು ಕೂಡಿಸಬೇಕು, (ತನ್ನೊಳಗಿನ ಬೈಂಡರ್‌ಗೆ) ಕಟ್ಟಿಕೊಂಡವಕ್ಕೆ ಕೂಡಿಸಬಾರದು, ಬೀಟಾ (ಲ್ಯಾಂ ತೆಗೆದು ಆರ್ಗ್ಯುಮೆಂಟ್ ಹಾಕುವ ಹೆಜ್ಜೆ) ಮುಗಿದ ಮೇಲೆ ಒಂದು ಬೈಂಡರ್ ಹೋಯಿತಲ್ಲ, ಉಳಿದವುಗಳಿಂದ ಒಂದು ಕಳೆಯಬೇಕು. ಇದರಲ್ಲಿ ಒಂದು ಕಡೆ ಕೈ ತಪ್ಪಿದರೂ ಸಣ್ಣ ಟೆಸ್ಟ್‌ಗಳೆಲ್ಲ ಪಾಸಾಗುತ್ತವೆ, ದೊಡ್ಡದೊಂದು ಪ್ರೂಫ್‌ನಲ್ಲಿ ಕೈಕೊಡುತ್ತದೆ.

ಇದನ್ನು ತಪ್ಪಿಸುವ ದಾರಿಗೆ ನಾರ್ಮಲೈಸೇಷನ್ ಬೈ ಇವ್ಯಾಲ್ಯುಯೇಷನ್ ಅನ್ನುತ್ತಾರೆ. ಸಬ್‌ಸ್ಟಿಟ್ಯೂಟ್ ಮಾಡುವ ಬದಲು ಎನ್ವಿರಾನ್‌ಮೆಂಟ್ ಇಟ್ಟುಕೊಳ್ಳಿ. ಅದು ವ್ಯಾಲ್ಯೂಗಳ ಒಂದು ಪಟ್ಟಿ, ಹೊಸದು ತಲೆಯಲ್ಲಿ. ವೇರಿಯಬಲ್ ಸಿಕ್ಕಿತೋ, ಇಂಡೆಕ್ಸ್‌ನಷ್ಟು ಎಣಿಸಿ ಪಟ್ಟಿಯಿಂದ ತೆಗೆಯಿರಿ. ಲ್ಯಾಂಬ್ಡಾ ಸಿಕ್ಕಿತೋ, ಒಳಗೆ ಹೋಗಲೇಬೇಡಿ. ಎನ್ವಿರಾನ್‌ಮೆಂಟನ್ನೂ ಒಳಗಿನ ಟರ್ಮನ್ನೂ ಕಟ್ಟಿ ಕ್ಲೋಷರ್ ಮಾಡಿ ಇಟ್ಟುಬಿಡಿ. ಎರಡು ವ್ಯಾಲ್ಯೂ ಒಂದೇನಾ ಅಂತ ನೋಡುವಾಗ ಮಾತ್ರ ಕ್ಲೋಷರ್ ಒಳಗೆ ಹೋಗಬೇಕಾಗುತ್ತದೆ. ಆಗ ಎರಡಕ್ಕೂ ಒಂದೇ ಹೊಸ ವೇರಿಯಬಲ್ ಕೊಡಿ. ಅದರ ಲೆವೆಲ್ ಅಂದರೆ ಆ ಹೊತ್ತಿನ ಆಳ. ಆಮೇಲೆ ಆಳಕ್ಕೆ ಒಂದು ಕೂಡಿಸಿ ಮುಂದೆ ಹೋಗಿ. ವ್ಯಾಲ್ಯೂವನ್ನು ಮತ್ತೆ ಟರ್ಮ್ ಮಾಡಬೇಕಾದರೆ ಆಳದಿಂದ ಲೆವೆಲ್ ಕಳೆದು ಮತ್ತೊಂದು ಕಳೆಯಿರಿ, ಇಂಡೆಕ್ಸ್ ಸಿಗುತ್ತದೆ. ಆಳ 3 ಇದ್ದಾಗ ಲೆವೆಲ್ 0 ಅನ್ನುವುದು ಇಂಡೆಕ್ಸ್ 2.

ಇಡೀ ಚೆಕ್ಕರ್‌ನಲ್ಲಿ ಇದೊಂದೇ ಕಳೆಯುವ ಲೆಕ್ಕ ಇರುವುದು. ಇಂಡೆಕ್ಸ್‌ಗೂ ಲೆವೆಲ್‌ಗೂ ಹ್ಯಾಸ್ಕೆಲ್‌ನ ನ್ಯೂಟೈಪ್‌ನಿಂದ ಬೇರೆ ಬೇರೆ ಟೈಪ್ ಮಾಡಿ, ಎರಡೂ ಸಾದಾ ಇಂಟ್ ಆಗಿದ್ದರೆ ಅದಲುಬದಲಾದದ್ದು ಯಾರಿಗೂ ಗೊತ್ತಾಗುವುದಿಲ್ಲ.

ಶರಾವತಿ_ದಡ (ಹೊನ್ನಾವರ)

ನಾನಿನ್ನೂ ಓದುತ್ತಿರುವವನು, ದಡ್ಡ ಪ್ರಶ್ನೆ ಆದರೆ ಕ್ಷಮಿಸಿ. ನಮ್ಮ ಕ್ಲಾಸಲ್ಲಿ ಲ್ಯಾಂಬ್ಡಾಗೆ ಇಂಟರ್‌ಪ್ರಿಟರ್ ಬರೆಸಿದ್ದರು. ಹೆಸರನ್ನು ಸ್ಟ್ರಿಂಗ್ ಇಟ್ಟೇ ಬರೆದೆವು, ಸಬ್‌ಸ್ಟಿಟ್ಯೂಷನ್ನೂ ಸೀದಾ ಸೀದಾ. ಯಾವತ್ತೂ ಏನೂ ಆಗಲಿಲ್ಲ. ಟೈಪ್ ಚೆಕ್ಕರ್‌ಗೆ ಮಾತ್ರ ಯಾಕೆ ಈ ಫಜೀತಿ?

ಇನ್ನೊಂದು, ಲೆವೆಲ್ ಅಷ್ಟು ಒಳ್ಳೆಯದಾದರೆ ಎಲ್ಲ ಕಡೆ ಲೆವೆಲ್ಲೇ ಇಡಬಹುದಲ್ವಾ? ಇಂಡೆಕ್ಸ್ ಯಾಕೆ ಬೇಕು?

ಅಡಿಕೆತೋಟ (ಶಿರಸಿ)

ಎರಡೂ ಒಳ್ಳೆಯ ಪ್ರಶ್ನೆ ತಮ್ಮಾ.

ನಿಮ್ಮ ಇಂಟರ್‌ಪ್ರಿಟರ್ ಪೂರ್ತಿ ಪ್ರೋಗ್ರಾಮನ್ನು ಓಡಿಸುತ್ತದೆ, ಲ್ಯಾಂಬ್ಡಾ ಒಳಗೆ ಕೈ ಹಾಕುವುದಿಲ್ಲ. ಹಾಗಿದ್ದಾಗ ಒಳಗೆ ಹಾಕುವ ಆರ್ಗ್ಯುಮೆಂಟ್‌ನಲ್ಲಿ ಸ್ವತಂತ್ರ ವೇರಿಯಬಲ್ ಇರುವುದೇ ಇಲ್ಲ. ಸಿಕ್ಕಿಹಾಕಿಕೊಳ್ಳಲು ಏನಾದರೂ ಇರಬೇಕಲ್ಲ! ಡಿಪೆಂಡೆಂಟ್ ಟೈಪ್ ಹಾಗಲ್ಲ. ‘ವೆಕ್ಟರ್ (2 + ಕ)’ ಮತ್ತು ‘ವೆಕ್ಟರ್ (1 + (1 + ಕ))’ ಒಂದೇನಾ ಅಂತ ನೋಡಬೇಕಾದಾಗ ಕ ಏನು ಅಂತ ಇನ್ನೂ ಗೊತ್ತಿರುವುದಿಲ್ಲ, ಬೈಂಡರ್ ಒಳಗೇ ನಿಂತು ಲೆಕ್ಕ ಮಾಡಬೇಕು. ಕ್ಯಾಪ್ಚರ್ (ಸಿಕ್ಕಿಹಾಕಿಕೊಳ್ಳುವುದು) ಆಗುವುದು ಇಲ್ಲೇ.

ಎಲ್ಲ ಕಡೆ ಲೆವೆಲ್ ಇಟ್ಟರೆ ಏನಾಗುತ್ತದೆ ಅಂದರೆ, ‘ಲ್ಯಾಂ ಕ. ಕ’ ಅನ್ನುವುದು ಹೊರಗಡೆ ‘ಲ್ಯಾಂ 0’. ಅದೇ ಟರ್ಮನ್ನು ಇನ್ನೊಂದು ಬೈಂಡರ್ ಒಳಗೆ ಇಟ್ಟರೆ ‘ಲ್ಯಾಂ 1’ ಆಗಬೇಕು. ಅಂದರೆ ಈ ಸಲ ಕಟ್ಟಿಕೊಂಡ ವೇರಿಯಬಲ್‌ಗಳನ್ನು ತಿದ್ದಬೇಕಾಯಿತು. ಇಂಡೆಕ್ಸ್‌ನಲ್ಲಿ ಮುಚ್ಚಿದ ಟರ್ಮ್ ಎಲ್ಲಿಟ್ಟರೂ ಅದೇ. ಒಂದರಲ್ಲಿ ಸ್ವತಂತ್ರ ವೇರಿಯಬಲ್‌ಗೆ ತೊಂದರೆ, ಇನ್ನೊಂದರಲ್ಲಿ ಕಟ್ಟಿಕೊಂಡದ್ದಕ್ಕೆ ತೊಂದರೆ. ವ್ಯಾಲ್ಯೂನಲ್ಲಿ ಲೆವೆಲ್ ಯಾಕೆ ನಡೆಯುತ್ತದೆ ಅಂದರೆ ಅಲ್ಲಿ ಬೈಂಡರ್ ಎಲ್ಲ ಕ್ಲೋಷರ್ ಒಳಗೆ ಮುಚ್ಚಿರುತ್ತದೆ. ಹೊರಗೆ ಕಾಣುವುದು ಸ್ವತಂತ್ರ ವೇರಿಯಬಲ್ ಮಾತ್ರ.

ಗಂಗಾವಳಿ (ಅಂಕೋಲಾ, ಸದ್ಯ ಬೆಂಗಳೂರು)

ಇಷ್ಟೆಲ್ಲ ಬೇಕಾ ಮಾರಾಯ್ರೆ? ಪ್ರತಿ ಬೈಂಡರ್‌ಗೂ ಪಾರ್ಸ್ ಮಾಡುವಾಗಲೇ ಒಂದು ಯುನೀಕ್ ನಂಬರ್ ಕೊಟ್ಟುಬಿಡಿ. ಕ_17, ಚ_18 ಅಂತ. ಯಾವ ಎರಡು ಬೈಂಡರ್‌ಗೂ ಒಂದೇ ಹೆಸರು ಇರುವುದಿಲ್ಲ, ಕ್ಯಾಪ್ಚರ್ ಎಲ್ಲಿಂದ ಬರಬೇಕು? ಹ್ಯಾಸ್ಕೆಲ್‌ನ ಕಂಪೈಲರ್ ಜಿಎಚ್‌ಸಿ ಕೂಡ ಯುನೀಕ್ ಇಟ್ಟೇ ನಡೆಯುತ್ತದೆ. ಮಕ್ಕಳಿಗೂ ಓದಲು ಸುಲಭ. ‘ಲ್ಯಾಂ ಲ್ಯಾಂ 1 0’ ಅನ್ನುವುದನ್ನು ಡೀಬಗ್ ಮಾಡಿ ನೋಡಿ, ಅರ್ಧ ಗಂಟೆಯಲ್ಲಿ ಕಣ್ಣು ಕೆಂಪಾಗುತ್ತದೆ.

ಅಡಿಕೆತೋಟ (ಶಿರಸಿ)

ಶುರುವಲ್ಲಿ ಯುನೀಕ್ ಇದ್ದರೆ ಕೊನೆಯವರೆಗೂ ಯುನೀಕ್ ಇರುತ್ತದೆ ಅಂತ ಇಲ್ಲ. ಇದನ್ನು ನೋಡಿ:

(ಲ್ಯಾಂ ಕ. ಕ ಕ) (ಲ್ಯಾಂ ಚ. ಲ್ಯಾಂ ಟ. ಚ ಟ)

ಕ, ಚ, ಟ ಮೂರೂ ಬೇರೆ. ಸ್ವತಂತ್ರ ವೇರಿಯಬಲ್ ಒಂದೂ ಇಲ್ಲ. ಇದಕ್ಕಿಂತ ಸಾಚಾ ಟರ್ಮ್ ಬೇಕಾ? ಈಗ ಬಿಡಿಸಿ.

(ಲ್ಯಾಂ ಚ. ಲ್ಯಾಂ ಟ. ಚ ಟ) (ಲ್ಯಾಂ ಚ. ಲ್ಯಾಂ ಟ. ಚ ಟ)

ಇಲ್ಲೇ ಒಂದೇ ಹೆಸರಿನ ಎರಡೆರಡು ಬೈಂಡರ್ ಆದವು. ಇನ್ನೊಂದು ಹೆಜ್ಜೆ.

ಲ್ಯಾಂ ಟ. (ಲ್ಯಾಂ ಚ. ಲ್ಯಾಂ ಟ. ಚ ಟ) ಟ

ಸಾದಾ ಇಂಟರ್‌ಪ್ರಿಟರ್ ಇಲ್ಲಿಗೆ ನಿಲ್ಲುತ್ತದೆ (ಶರಾವತಿ ತಮ್ಮಾ, ನಿನ್ನ ಪ್ರಶ್ನೆಗೆ ಇದೂ ಉತ್ತರ). ಟೈಪ್ ಚೆಕ್ಕರ್ ಒಳಗೆ ಹೋಗುತ್ತದೆ, ಚ ಜಾಗಕ್ಕೆ ಟ ಹಾಕುತ್ತದೆ.

ಲ್ಯಾಂ ಟ. ಲ್ಯಾಂ ಟ. ಟ ಟ

ತಪ್ಪು. ಬರಬೇಕಾದ್ದು ‘ಲ್ಯಾಂ ಲ್ಯಾಂ 1 0’, ಬಂದದ್ದು ‘ಲ್ಯಾಂ ಲ್ಯಾಂ 0 0’. ಟರ್ಮ್ ಒಂದು ಎರಡಾದ ಕೂಡಲೇ ಯುನೀಕ್ ಅನ್ನುವುದು ಮುರಿಯುತ್ತದೆ. ಅದಕ್ಕೇ ಜಿಎಚ್‌ಸಿ ಯುನೀಕನ್ನು ನಂಬಿ ಕೂರುವುದಿಲ್ಲ. ಆ ಹೊತ್ತಿಗೆ ಸ್ಕೋಪ್‌ನಲ್ಲಿ ಯಾವ ಯಾವ ವೇರಿಯಬಲ್ ಇವೆ ಅನ್ನುವ ಸೆಟ್ ಒಂದನ್ನು ಜೊತೆಗೇ ಒಯ್ಯುತ್ತದೆ, ಡಿಕ್ಕಿ ಹೊಡೆದರೆ ಮಾತ್ರ ಹೆಸರು ಬದಲಿಸುತ್ತದೆ. ಅದರ ಇನ್‌ಲೈನರ್ (ಫಂಕ್ಷನ್ ಕರೆದಲ್ಲಿ ಅದರ ಒಳಗನ್ನೇ ತಂದು ಹಾಕುವ ಭಾಗ) ಬಗ್ಗೆ ಪೇಟನ್ ಜೋನ್ಸ್ ಮತ್ತು ಮಾರ್ಲೋ 2002ರ ಪ್ರಬಂಧದಲ್ಲಿ ಬಿಡಿಸಿ ಬರೆದಿದ್ದಾರೆ. ಕೆಲಸ ಮಾಡುವ ದಾರಿಯೇ, ಇಲ್ಲ ಅನ್ನುವುದಿಲ್ಲ. ಆದರೆ ಅದು ದೊಡ್ಡ ಆಪ್ಟಿಮೈಸರ್‌ಗೆ ಹೊಂದುವಂಥದ್ದು. ಮೇಷ್ಟ್ರ ಚೆಕ್ಕರ್‌ಗೆ ನಾಲ್ಕು ಸಾಲಿನ ಕ್ಲೋಷರ್ ಇರುವಾಗ ಅದು ಯಾಕೆ?

ಕಣ್ಣು ಕೆಂಪಾಗುವ ಮಾತು ಒಪ್ಪಿದೆ. ಅದಕ್ಕೆ ಲ್ಯಾಂಬ್ಡಾ ಜೊತೆ ಮೂಲ ಹೆಸರನ್ನು ಸುಳಿವಾಗಿ ಇಟ್ಟುಕೊಳ್ಳಬೇಕು. ಪ್ರಿಂಟ್ ಮಾಡುವಾಗ ಮಾತ್ರ ಅದನ್ನು ನೋಡುವುದು, ಹೋಲಿಸುವಾಗ ಮುಟ್ಟಬಾರದು. ಪ್ರೂಫ್ ಪರೀಕ್ಷಿಸುವ ಇಸಾಬೆಲ್, ಲೀನ್ ಎಲ್ಲ ಹೀಗೇ ಮಾಡುತ್ತವೆ.

ಗಂಗಾವಳಿ (ಅಂಕೋಲಾ, ಸದ್ಯ ಬೆಂಗಳೂರು)

ಆ ಉದಾಹರಣೆ ಸರಿ ಇದೆ, ಕೂತು ಬಿಡಿಸಿ ನೋಡಿದೆ. ಆದರೂ ಇಸಾಬೆಲ್, ಲೀನ್ ಹೆಸರು ತೆಗೆದಿರಲ್ಲ, ಅವು ನೀವು ಹೇಳಿದ ಮೂರು ಜಾಗದ ಲೆಕ್ಕದಲ್ಲಿ ಇಲ್ಲ. ಲೀನ್ 4ರ ಟರ್ಮ್‌ನಲ್ಲಿ ಕಟ್ಟಿಕೊಂಡ ವೇರಿಯಬಲ್‌ಗೆ ಇಂಡೆಕ್ಸ್, ಸ್ವತಂತ್ರ ವೇರಿಯಬಲ್‌ಗೆ ಬೇರೆಯೇ ಗುರುತು. ಬೈಂಡರ್ ಒಳಗೆ ಹೋಗುವ ಮೊದಲು ಒಂದು ಹೊಸ ಸ್ವತಂತ್ರ ವೇರಿಯಬಲ್ ಹುಟ್ಟಿಸಿ, 0 ಇದ್ದಲ್ಲೆಲ್ಲ ಅದನ್ನು ಹಾಕುತ್ತಾರೆ. ವಾಪಸು ಬರುವಾಗ ಅದನ್ನು ಮತ್ತೆ ಇಂಡೆಕ್ಸ್ ಮಾಡಿ ಮುಚ್ಚುತ್ತಾರೆ. ಲೋಕಲಿ ನೇಮ್‌ಲೆಸ್ ಅಂದರೆ ಇದೇ. ಮೆಕ್‌ಬ್ರೈಡ್ ಮತ್ತು ಮೆಕಿನ್ನಾ 2004ರಲ್ಲಿ ಇದರ ಪರವಾಗಿ ಚೆಂದ ವಾದ ಮಾಡಿದ್ದಾರೆ. ಇದರಲ್ಲೂ ಶಿಫ್ಟ್ ಕಾಟ ಇಲ್ಲ, ಯಾಕೆಂದರೆ ಒಳಗೆ ಹಾಕುವ ಟರ್ಮ್‌ನಲ್ಲಿ ತೂಗಾಡುವ ಇಂಡೆಕ್ಸ್ ಇರುವುದೇ ಇಲ್ಲ. ಬಳಸುವವರು ‘ಇಂಟ್ರೊ ಕ’ ಅಂದಾಗ ಆ ಕ ಅನ್ನುವುದು ನಿಜವಾಗಿಯೂ ಒಂದು ವಸ್ತುವಾಗಿ ಕೈಗೆ ಸಿಗುತ್ತದೆ. ಟ್ಯಾಕ್ಟಿಕ್ (ಇಂಟ್ರೊ ತರಹ ಪ್ರೂಫ್ ಕಟ್ಟುವ ಆಜ್ಞೆ) ಬರೆಯುವವರಿಗೆ ಇದು ದೊಡ್ಡ ಅನುಕೂಲ.

ಮೇಷ್ಟ್ರು ಮುಂದೆ ಟ್ಯಾಕ್ಟಿಕ್ ಸೇರಿಸುವವರಿದ್ದರೆ ಈಗಲೇ ಯೋಚಿಸಲಿ.

ಅಡಿಕೆತೋಟ (ಶಿರಸಿ)

ಟ್ಯಾಕ್ಟಿಕ್ ಇದ್ದರೆ ಒಪ್ಪುತ್ತೇನೆ. ಆದರೆ ಪ್ರತಿ ಬೈಂಡರ್ ತೆರೆಯುವಾಗಲೂ ಒಳಗಿನ ಟರ್ಮನ್ನು ಇಡೀ ಸುತ್ತಿ ಬರಬೇಕು. ಹತ್ತು ಲ್ಯಾಂಬ್ಡಾ ಸಾಲಾಗಿ ಇದ್ದರೆ ಒಂದೊಂದಾಗಿ ತೆರೆಯಬಾರದು, ಹತ್ತನ್ನೂ ಒಟ್ಟಿಗೆ ತೆರೆಯಬೇಕು. ಈ ಉಪಾಯ ಗೊತ್ತಿಲ್ಲದವರು ಬರೆದರೆ ನಿಧಾನ ಆಗುತ್ತದೆ.

ಮಿರ್ಜಾನ್_ಕೋಟೆ (ಕುಮಟಾ)

‘ಕೋನ’ದ ಬಗ್ಗೆ ಯಾರೂ ಮಾತಾಡಲಿಲ್ಲ, ನನಗೆ ಬರುವುದು ಅದೊಂದೇ. ಟೈಪ್ ಥಿಯರಿ ನನ್ನ ದಾರಿ ಅಲ್ಲ, ನಾನು ಫಾಂಟ್ ಮತ್ತು ಕೀಬೋರ್ಡ್ ಕಡೆಯವನು.

‘ಕೋ’ದಲ್ಲಿರುವ ಓತ್ವ ಯೂನಿಕೋಡ್‌ನಲ್ಲಿ ಒಂದೇ ಕೋಡ್‌ಪಾಯಿಂಟ್ ಆಗಿ ಇರಬಹುದು. ಅಥವಾ ಎತ್ವ, ಊ ಕಾರದ ಚಿಹ್ನೆ, ದೀರ್ಘದ ಚಿಹ್ನೆ ಅಂತ ಮೂರು ತುಂಡಾಗಿಯೂ ಇರಬಹುದು. ಪರದೆ ಮೇಲೆ ಎರಡೂ ಒಂದೇ. ಯೂನಿಕೋಡ್ ನಿಯಮದ ಪ್ರಕಾರವೂ ಎರಡೂ ಸಮ. ಆದರೆ ಸ್ಟ್ರಿಂಗ್ ಹೋಲಿಸಿದರೆ ಬೇರೆ ಬೇರೆ. ‘ಕೀ’ಯಲ್ಲಿರುವ ಈತ್ವಕ್ಕೂ, ‘ಕೊ’ದ ಒತ್ವಕ್ಕೂ, ‘ಕೇ’, ‘ಕೈ’ಗೂ ಇದೇ ಕಥೆ. ಓದಿಕೊಂಡ ಕೂಡಲೇ ಹೆಸರನ್ನು ಎನ್‌ಎಫ್‌ಸಿ ರೂಪಕ್ಕೆ (ಸಮವಾದ ಬರಹಗಳನ್ನೆಲ್ಲ ಒಂದೇ ಮಾಡುವ ಯೂನಿಕೋಡ್ ರೂಪ) ತನ್ನಿ, ಸರಿಹೋಗುತ್ತದೆ. ಪೈಥಾನ್ ಐಡೆಂಟಿಫೈಯರ್‌ಗಳನ್ನು ಎನ್‌ಎಫ್‌ಕೆಸಿ (ಅಂಥದ್ದೇ ಇನ್ನೊಂದು ರೂಪ) ಮಾಡಿಕೊಳ್ಳುವುದು ಇಂಥ ಕಾರಣಕ್ಕೇ.

ಆದರೆ ಅಷ್ಟಕ್ಕೇ ಮುಗಿಯುವುದಿಲ್ಲ. ಝೀರೋ ವಿಡ್ತ್ ನಾನ್ ಜಾಯ್ನರ್ ಅಂತ ಒಂದು ಕಾಣದ ಅಕ್ಷರ ಇದೆ. ಎನ್‌ಎಫ್‌ಸಿ ಅದನ್ನು ಮುಟ್ಟುವುದಿಲ್ಲ. ‘ಮ್ಯಾಪ್’ ಅಂತ ಹೆಸರಿಟ್ಟರೆ ಕೊನೆಯ ‘ಪ್’ ಆದಮೇಲೆ ಕೆಲವು ಕೀಬೋರ್ಡ್ ಅದನ್ನು ತೂರಿಸುತ್ತವೆ, ಕೆಲವು ಇಲ್ಲ. ಪದದ ತುದಿಯಲ್ಲಿದ್ದರೆ ಕಿತ್ತುಹಾಕಿ. ನಡುವೆ ಇದ್ದರೆ ಬಿಡಿ, ಅಲ್ಲಿ ಅದು ಒತ್ತಕ್ಷರ ಆಗದ ಹಾಗೆ ತಡೆಯುತ್ತದೆ, ಕಣ್ಣಿಗೂ ಬೇರೆ ಕಾಣುತ್ತದೆ.

ಸದಾಶಿವಗಡದವ (ಕಾರವಾರ)

ಎನ್‌ಎಫ್‌ಸಿ ಹಾಕಿದೆ, ಕೋನ ಸಿಕ್ಕಿತು. ದೊಡ್ಡ ಉಪಕಾರ.

ಹೆಸರು ಹುಡುಕುವುದನ್ನು ಒಂದೇ ಕಡೆ ತಂದೆ. ಪಾರ್ಸ್ ಆದ ಮೇಲೆ ಒಂದು ಸಲ ಹೆಸರೆಲ್ಲ ಇಂಡೆಕ್ಸ್ ಆಗುತ್ತದೆ, ಅದರಾಚೆ ಸ್ಟ್ರಿಂಗ್ ಹೋಲಿಕೆ ಎಲ್ಲೂ ಇಲ್ಲ. ಗಂಗಾವಳಿಯವರೇ, ಟ್ಯಾಕ್ಟಿಕ್ ಸದ್ಯಕ್ಕಿಲ್ಲ, ಹಾಗಾಗಿ ಕ್ಲೋಷರ್ ದಾರಿಯೇ ಹಿಡಿದೆ. ನಿಮ್ಮ ‘ಟ ಟ’ ಉದಾಹರಣೆ ಟೆಸ್ಟ್‌ಗೆ ಸೇರಿಸಿದೆ ಅಡಿಕೆತೋಟದವರೇ, ಆದರೆ ‘ಕ ಕ’ಗೆ ಟೈಪ್ ಸಿಗುವುದಿಲ್ಲವಾದ್ದರಿಂದ ಇವ್ಯಾಲ್ಯುಯೇಟರನ್ನು ಬೇರೆಯಾಗಿಯೇ ಪರೀಕ್ಷಿಸಬೇಕಾಯಿತು. ಪಾಸ್.

ಉಳಿದದ್ದು ಎರಡು. ಪ್ರಿಂಟ್ ಮಾಡುವಾಗ ಎರಡು ಬೈಂಡರ್‌ಗೂ ಸುಳಿವು ‘ಟ’ ಅಂತಲೇ ಇದ್ದರೆ ಏನು ಮಾಡುವುದು? ಮತ್ತೆ ಟ111 ಆಗಬಾರದು. ಇನ್ನೊಂದು, ನನ್ನ ಚೆಕ್ಕರ್‌ನ ನಿಯಮಗಳು ಸರಿ ಇವೆ ಅಂತ ಅಗ್ಡಾ ಅನ್ನುವ ಪ್ರೂಫ್ ಭಾಷೆಯಲ್ಲಿ ಸಾಬೀತು ಮಾಡುವ ಆಸೆ ಇದೆ. ಅಲ್ಲೂ ಇದೇ ವ್ಯವಸ್ಥೆ ನಡೆಯುತ್ತದಾ?

ಗಂಗಾವಳಿ (ಅಂಕೋಲಾ, ಸದ್ಯ ಬೆಂಗಳೂರು)

ಸಾಬೀತು ಮಾಡುವುದು ಬೇರೆಯೇ ಆಟ. ಅಲ್ಲಿ ಸಬ್‌ಸ್ಟಿಟ್ಯೂಷನ್ನಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ, ಟೈಪಿಂಗ್ ನಿಯಮದಲ್ಲೇ ಅದು ಕೂತಿರುತ್ತದೆ. ಅಪ್ಲಿಕೇಷನ್ ನಿಯಮ ನೋಡಿ, ಪೈ ಟೈಪಿನ ಒಳಗೆ ಆರ್ಗ್ಯುಮೆಂಟ್ ಹಾಕಲೇಬೇಕು. ಅಗ್ಡಾ ಅಂದರೆ ಇಂಡೆಕ್ಸ್‌ಗೇ ಹೋಗಿ, ಆದರೆ ಟರ್ಮ್‌ನ ಟೈಪ್‌ನಲ್ಲೇ ಎಷ್ಟು ವೇರಿಯಬಲ್ ಸ್ಕೋಪ್‌ನಲ್ಲಿವೆ ಅನ್ನುವುದು ಇರಲಿ. ಉದಾಹರಣೆಗೆ ‘ಮೂರು ವೇರಿಯಬಲ್ ಇರುವ ಟರ್ಮ್’ ಅಂತ ಇಟ್ಟುಕೊಳ್ಳಿ. ಅದರಲ್ಲಿ ಇಂಡೆಕ್ಸ್ 0, 1, 2 ಮಾತ್ರ ಬರೆಯಲು ಸಾಧ್ಯ, 3 ಬರೆದರೆ ಅಗ್ಡಾನೇ ಬೈಯುತ್ತದೆ. ಶಿಫ್ಟ್‌ನಲ್ಲಿ ಒಂದು ಹೆಚ್ಚುಕಡಿಮೆ ಆಗುವ ತಪ್ಪುಗಳು ಬಹುಪಾಲು ಅಲ್ಲೇ ಸಿಕ್ಕಿಬೀಳುತ್ತವೆ. ಹ್ಯಾಸ್ಕೆಲ್‌ನಲ್ಲೂ ನೆಸ್ಟೆಡ್ ಡೇಟಾಟೈಪ್ ಬಳಸಿ ಬರ್ಡ್ ಮತ್ತು ಪ್ಯಾಟರ್ಸನ್ 1999ರಲ್ಲೇ ಇದನ್ನು ಮಾಡಿ ತೋರಿಸಿದ್ದಾರೆ.

ಇನ್ನೊಂದು ಮಾತು. ಮೊದಲು ರಿನೇಮಿಂಗ್ ಬರೆಯಿರಿ, ಅಂದರೆ ವೇರಿಯಬಲ್ ಬದಲು ವೇರಿಯಬಲ್ ಹಾಕುವುದು. ಆಮೇಲೆ ಅದನ್ನು ಬಳಸಿ ಸಬ್‌ಸ್ಟಿಟ್ಯೂಷನ್ ಬರೆಯಿರಿ. ಸೀದಾ ಸಬ್‌ಸ್ಟಿಟ್ಯೂಷನ್ನಿಗೆ ಹೋದರೆ, ಬೈಂಡರ್ ದಾಟುವಾಗ ಟರ್ಮನ್ನು ಒಂದು ಮೆಟ್ಟಿಲು ಮೇಲೆತ್ತಲು ಅದನ್ನೇ ಮತ್ತೆ ಕರೆಯಬೇಕಾಗುತ್ತದೆ. ಅದು ಮುಗಿಯುತ್ತದೆ ಅಂತ ಅಗ್ಡಾ ಒಪ್ಪುವುದಿಲ್ಲ. ಎರಡು ಸಬ್‌ಸ್ಟಿಟ್ಯೂಷನ್ ಒಂದರ ಮೇಲೊಂದು ಮಾಡಿದರೂ ಒಟ್ಟಿಗೆ ಮಾಡಿದರೂ ಒಂದೇ ಅನ್ನುವ ಲೆಮ್ಮಾಗಳು ಸಾಲಾಗಿ ಬರುತ್ತವೆ, ಬೇಸರದ ಕೆಲಸ. ಕಾಕ್‌ನಲ್ಲಾದರೆ (ಇನ್ನೊಂದು ಪ್ರೂಫ್ ವ್ಯವಸ್ಥೆ, ಈಗ ಅದರ ಹೆಸರು ರಾಕ್) ಆಟೋಸಬ್ಸ್ಟ್ ಅನ್ನುವ ಲೈಬ್ರರಿ ಅವನ್ನೆಲ್ಲ ತಾನೇ ಹುಟ್ಟಿಸಿ ಕೊಡುತ್ತದೆ.

ಹೋಯಾಸ್ ಕಡೆ ಅಗ್ಡಾದಲ್ಲಿ ಹೋಗಬೇಡಿ. ಟರ್ಮ್‌ನಿಂದ ಟರ್ಮ್‌ಗೆ ಫಂಕ್ಷನ್ ಇರುವ ಕನ್‌ಸ್ಟ್ರಕ್ಟರನ್ನು ಪಾಸಿಟಿವಿಟಿ ಚೆಕ್ (ಡೇಟಾಟೈಪ್ ತನ್ನದೇ ಕನ್‌ಸ್ಟ್ರಕ್ಟರ್ ಒಳಗಿನ ಫಂಕ್ಷನ್ನಿಗೆ ಆರ್ಗ್ಯುಮೆಂಟ್ ಆಗಿ ಬರಬಾರದು ಅನ್ನುವ ಅಗ್ಡಾದ ಪರೀಕ್ಷೆ) ಬಿಡುವುದೇ ಇಲ್ಲ. ಅದಕ್ಕಂತಲೇ ಮಾಡಿದ ಟ್ವೆಲ್ಫ್ ತರಹದ ವ್ಯವಸ್ಥೆಯಲ್ಲಿ ಅದರ ಸೊಗಸೇ ಬೇರೆ, ಆ ಮಾತು ಇನ್ನೊಮ್ಮೆ.

ಅಡಿಕೆತೋಟ (ಶಿರಸಿ)

ಪ್ರಿಂಟಿಗೆ: ಬೈಂಡರ್ ದಾಟುವಾಗ ಹೊರಗಿನ ಹೆಸರುಗಳ ಪಟ್ಟಿ ಕೈಯಲ್ಲಿರಲಿ. ಸುಳಿವಿನ ಹೆಸರು ಆ ಪಟ್ಟಿಯಲ್ಲಿ ಇಲ್ಲದಿದ್ದರೆ ಹಾಗೇ ಬಳಸಿ. ಇದ್ದರೆ, ಹೊರಗಿನ ಆ ‘ಟ’ವನ್ನು ಒಳಗಡೆ ಎಲ್ಲಾದರೂ ಬಳಸಿದೆಯಾ ನೋಡಿ. ಬಳಸದಿದ್ದರೆ ಇದನ್ನೂ ‘ಟ’ ಅಂತಲೇ ಬಿಡಿ, ಓದುವವರಿಗೆ ಗೊಂದಲ ಆಗುವುದಿಲ್ಲ. ಬಳಸಿದ್ದರೆ ಮಾತ್ರ ಟ1, ಅದೂ ಪಟ್ಟಿಯಲ್ಲಿದ್ದರೆ ಟ2. ಸಂಖ್ಯೆ ಸೇರಿಸುವುದು ಯಾವಾಗಲೂ ಸುಳಿವಿನ ಮೂಲ ಹೆಸರಿಗೆ, ಟ1ಕ್ಕೆ ಮತ್ತೊಂದು 1 ಅಂಟಿಸಬೇಡಿ. ಬಾಲ ಬೆಳೆಯುತ್ತಿದ್ದದ್ದು ಅದರಿಂದಲೇ ಇರಬೇಕು. ಬಳಸುವವರೇ ‘ಟ1’ ಅಂತ ಹೆಸರಿಟ್ಟಿದ್ದರೆ ತುದಿಯ ಅಂಕಿ ತೆಗೆದು ನೋಡಿ.

ಶರಾವತಿ_ದಡ (ಹೊನ್ನಾವರ)

ಸರ್, ಕೋಡ್ ಎಲ್ಲಾದರೂ ಹಾಕುತ್ತೀರಾ? ನಮ್ಮ ಇಂಟರ್‌ಪ್ರಿಟರ್‌ಗೆ ‘ಟ ಟ’ ಉದಾಹರಣೆ ಕೊಟ್ಟು ನೋಡಿದೆ. ಅಡಿಕೆತೋಟ ಅಣ್ಣ ಹೇಳಿದ ಹಾಗೆ ಎರಡನೇ ಹೆಜ್ಜೆಗೇ ನಿಂತಿತು. ಲ್ಯಾಂಬ್ಡಾ ಒಳಗೂ ಹೋಗು ಅಂತ ಒಂದು ಸಾಲು ಬದಲಿಸಿದೆ, ತಪ್ಪು ಉತ್ತರ ಬಂತು.

ಸದಾಶಿವಗಡದವ (ಕಾರವಾರ)

ಹಾಕುತ್ತೇನೆ, ಪ್ರಿಂಟ್ ಮಾಡುವ ಭಾಗ ಒಂದು ಮುಗಿಯಲಿ. ಇಲ್ಲಿ ಮಳೆಗೆ ಕರೆಂಟು ಬಂದು ಹೋಗಿ ಮಾಡುತ್ತಿದೆ, ಒಂದೆರಡು ದಿನ ಹಿಡಿಯಬಹುದು.